ಸಚಿವರಿಗೆ ಮಾತು ಹೇಳಿಕೊಟ್ಟವರು

ಅಕ್ಕನಿಗೆ ಪಿಸುಮಾತು ಬರುತ್ತಿರಲಿಲ್ಲ. ಹನ್ನೆರಡು ವರ್ಷ ಕಲ್ಲು ಪಾಲಿಶ್ ಮಾಡುವ ಯಂತ್ರದ ಮುಂದೆ ನಿಂತವರಿಗೆ ಯಾರಿಗೂ ಬರುವುದಿಲ್ಲ. ಆ ಶೆಡ್ಡಿನಲ್ಲಿ "ಒಂಚೂರು ಉಪ್ಪು ಕೊಡೇ" ಅನ್ನುವುದಕ್ಕೂ ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಬೇಕು. ಕೆಲಸ ಮುಗಿಸಿ ಬಂದ ಮೇಲೂ ಗಂಟಲು ಇಳಿಯುವುದಿಲ್ಲ. ಅವಳು ತಂಗಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಮೂರನೇ ಮನೆಯವರು ಉತ್ತರ ಕೊಡುತ್ತಿದ್ದರು.

ತಂಗಿಯ ಕಸುಬು ಇದಕ್ಕೆ ತದ್ವಿರುದ್ಧ. ಹಗಲು ಶಾಸನಸಭೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಸಂಜೆ ತನ್ನ ವಯಸ್ಸಿನವರೇ ಕಟ್ಟಿಕೊಂಡ ನಾಟಕದ ತಂಡದಲ್ಲಿ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಕೂತು, ಮಾತು ಮರೆತ ನಟನಿಗೆ ಎತ್ತಿಕೊಡುವವಳು. ನಟನಿಗೆ ಕೇಳಬೇಕು, ಮೊದಲ ಸಾಲಿನವನಿಗೆ ಕೇಳಬಾರದು, ಅಷ್ಟೇ ದನಿ.

ಒಂದು ಸಂಜೆ ತಂಗಿ ನಾಲ್ಕು ಹಾಳೆ ತಂದು ಅಕ್ಕನ ಮುಂದೆ ಹರಡಿದಳು.

"ಏನೇ ಇದು, ಇಷ್ಟು ದಪ್ಪ ಅಕ್ಷರ? ಗೋಡೆಗೆ ಅಂಟಿಸೋಕಾ?"

"ಸಚಿವರಿಗೆ. ಕನ್ನಡಕ ಹಾಕಿದ್ರೆ ವಯಸ್ಸು ಕಾಣತ್ತಂತೆ. ನಾಡಿದ್ದು ಬುಧವಾರ ಸಭೇಲಿ ಓದೋ ಭಾಷಣ ಇದು. ಆದರೆ ಪ್ರಿಂಟಿಗೆ ತಂದುಕೊಟ್ಟಿದ್ದು ಸಚಿವರ ಕಚೇರಿಯವರಲ್ಲ ಅಕ್ಕ. ಇಸ್ತ್ರಿ ಸಾಹೇಬ."

ಇಸ್ತ್ರಿ ಸಾಹೇಬ ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಅವನು ಕಲ್ಲು ಕಾರ್ಖಾನೆ ಮಾಲೀಕರ ಸಂಘದ ಪರವಾಗಿ ಸರ್ಕಾರದ ಒಳಮನೆಯಲ್ಲಿ ಲಾಬಿ ಮಾಡುವವನು. ಚುನಾವಣೆಗೆ ನಿಂತವನಲ್ಲ, ಯಾರ ಬಾಗಿಲಿಗೂ ಬಂದು ಮತ ಕೇಳಿದವನಲ್ಲ. ಮೂರು ಸರ್ಕಾರ ಬಂದು ಹೋದವು, ಅವನ ಅಂಗಿಯ ಮಡಿಕೆ ಮಾತ್ರ ಮುರಿಯಲಿಲ್ಲ.

ಅಕ್ಕ ಬೆರಳಿಟ್ಟು ನಿಧಾನವಾಗಿ ಓದಿದಳು. ಪಾಲಿಶ್ ಯಂತ್ರಕ್ಕೆ ನೀರಿನ ಪೈಪು ಇರಲೇಬೇಕು ಎಂದು ಈಗ ಕಾನೂನಿದೆ. ಕಲ್ಲಿನ ಮೇಲೆ ನೀರು ಹರಿದರೆ ಧೂಳು ಕೆಸರಾಗಿ ನೆಲಕ್ಕೆ ಬೀಳುತ್ತದೆ. ಹರಿಯದಿದ್ದರೆ ನೇರ ಎದೆಗೆ. ಹೊಸ ತಿದ್ದುಪಡಿಯಲ್ಲಿ 'ಕಡ್ಡಾಯ' ಹೋಗಿ 'ಮಾಲೀಕರ ಅನುಕೂಲದಂತೆ' ಎಂದಾಗಿತ್ತು. ನೀರಿಲ್ಲದಿದ್ದರೆ ಕೆಸರು ಬಳಿಯುವ ಕೆಲಸವಿಲ್ಲ, ಕಲ್ಲು ಅಂದೇ ಲಾರಿ ಹತ್ತುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಹೆಂಗಸರೂ ಬೇಗ ಮುಗಿಯುತ್ತಾರೆ, ಆದರೆ ಅದು ಭಾಷಣದಲ್ಲಿರಲಿಲ್ಲ.

ಪೈಪು ಬಂದದ್ದೇ ನಾಲ್ಕು ವರ್ಷದ ಹಿಂದೆ. ಅದಕ್ಕೂ ಮೊದಲು ಪಕ್ಕದ ಯಂತ್ರದಲ್ಲಿದ್ದ ಚಿಕ್ಕಮ್ಮ, ಶೆಡ್ಡಿಗೆಲ್ಲ ಅವಳು ಚಿಕ್ಕಮ್ಮ, ಈಗ ಆರು ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಾಳೆ. ಅಕ್ಕನ ಎಕ್ಸ್‌ರೇ ನೋಡಿ ಡಾಕ್ಟರಮ್ಮ ಹೇಳಿದ್ದರು: "ಶುರುವಾಗಿದೆ ತಾಯಿ. ಇನ್ನು ಧೂಳು ಕುಡೀದಿದ್ರೆ ಇಷ್ಟಕ್ಕೇ ನಿಲ್ಲತ್ತೆ. ಕುಡಿದ್ರೆ ನನ್ನನ್ನ ಕೇಳಬೇಡಿ."

ಹಾಳೆಯಲ್ಲಿ ಭಾಷಣದ ನಡುನಡುವೆ ಓರೆ ಅಕ್ಷರದಲ್ಲಿ ಬೇರೆ ಸಾಲುಗಳಿದ್ದವು. 'ಇಲ್ಲಿ ನೀರು ಕುಡಿಯುವುದು.' ಮೂರನೇ ಹಾಳೆಯಲ್ಲಿ, 'ಧೂಳಿನಲ್ಲಿ ದುಡಿಯುವ ನನ್ನ ಅಕ್ಕತಂಗಿಯರೇ' ಎಂಬುದರ ಕೆಳಗೆ, 'ಇಲ್ಲಿ ದನಿ ನಡುಗಲಿ.'

ಅಕ್ಕನ ಬೆರಳು ಅಲ್ಲೇ ನಿಂತಿತು. "ನಮ್ಮ ಹೆಸರಲ್ಲಿ ಅಳೋದನ್ನೂ ಅವನೇ ಹೇಳಿಕೊಡಬೇಕಾ?"

"ಅದಕ್ಕೇ ಅಕ್ಕ. ಇದು ಭಾಷಣ ಅಲ್ಲ, ನಾಟಕದ ಪ್ರತಿ. ನಾಟಕ ಅಂದ ಮೇಲೆ ಪ್ರಾಂಪ್ಟರ್ ಬೇಡ್ವಾ?"

ತಂಡದ ಐದೂ ಜನ ಮರುದಿನ ಅಕ್ಕನ ಅಡುಗೆಮನೆಯಲ್ಲೇ ತಾಲೀಮು ನಡೆಸಿದರು. ಅವರಲ್ಲಿ ಏಣಿ ಅಂತ ಒಬ್ಬ, ಹೆಸರಿಗೆ ತಕ್ಕ ಎತ್ತರ. ಅವನೇ ಸಭೆಯ ಪ್ರೇಕ್ಷಕರ ಗ್ಯಾಲರಿಯ ನಿಯಮ ಓದಿಕೊಂಡು ಬಂದಿದ್ದ. "ಗ್ಯಾಲರೀಲಿ ಘೋಷಣೆ ಕೂಗಬಾರದು, ಫಲಕ ಹಿಡೀಬಾರದು, ಚಪ್ಪಾಳೆ ತಟ್ಟಬಾರದು. ಮಾತು ಎತ್ತಿಕೊಡಬಾರದು ಅಂತ ಎಲ್ಲೂ ಬರೆದಿಲ್ಲ!" ಪ್ರತಿ ಸಾಲನ್ನೂ ಸಚಿವರಿಗಿಂತ ಅರ್ಧ ಉಸಿರು ಮುಂದೆ ಹೇಳುವುದು, ದನಿ ನಡುಗಬೇಕಾದ ಜಾಗದಲ್ಲಿ ಒಮ್ಮೆಲೇ ನಿಲ್ಲಿಸಿಬಿಡುವುದು. ಆಮೇಲೆ ಅವರ ಹತ್ತಿರ ಸ್ವಂತದ್ದು ಏನಿದೆ ಅಂತ ಜನ ನೋಡಲಿ.

"ನಾಟಕ ಆಡಿ ಯಾವ ಕಾನೂನು ನಿಂತಿದೆಯೋ?" ಅಂದಳು ಅಕ್ಕ. ಅಂದವಳೇ ಅರ್ಧ ದಿನ ರಜೆ ಹಾಕಿದಳು.

"ಬಂದು ಸುಮ್ನೆ ಕೂತಿರು. ಬಾಯಿ ಮಾತ್ರ ತೆಗೀಬೇಡ," ಅಂದಳು ತಂಗಿ.

"ನಾನ್ಯಾಕೆ ತೆಗೀಲಿ!"

"ತೆಗೀಬೇಡಿ ಕಣ್ರೀ," ಅಂತ ಮೂರನೇ ಮನೆಯಿಂದ ಕೇಳಿಸಿತು.

ಬುಧವಾರ ಸಭೆಯಲ್ಲಿ ಅರ್ಧ ಕುರ್ಚಿ ಖಾಲಿ. ಒಬ್ಬ ಸದಸ್ಯರು ಗಲ್ಲಕ್ಕೆ ಕೈ ಕೊಟ್ಟು ನಿದ್ದೆ ಹೋಗಿದ್ದರು. ಅಧಿಕಾರಿಗಳ ಸಾಲಿನಲ್ಲಿ ಇಸ್ತ್ರಿ ಸಾಹೇಬ ತನ್ನ ಪ್ರತಿ ಹಿಡಿದು, ಪರೀಕ್ಷೆಗೆ ಮಗನನ್ನು ಕಳಿಸಿದ ಅಪ್ಪನ ಹಾಗೆ ಕೂತಿದ್ದ. ಸಚಿವರು ಎದ್ದರು. "ಮಾನ್ಯ ಸಭಾಧ್ಯಕ್ಷರೇ..."

"ನಾನೂ ಒಬ್ಬ ಬಡ ತಾಯಿಯ ಮಗ," ಅಂದಳು ತಂಗಿ ಮೇಲಿನಿಂದ, ಈ ಸಲ ಎಲ್ಲರಿಗೂ ಕೇಳುವಂತೆ.

"ನಾನೂ ಒಬ್ಬ ಬಡ ತಾಯಿಯ ಮಗ," ಅಂದರು ಸಚಿವರು.

ಮೊದಲು ಎಲ್ಲರೂ ಪ್ರತಿಧ್ವನಿ ಅಂದುಕೊಂಡರು. ಆದರೆ ಪ್ರತಿಧ್ವನಿ ಎಲ್ಲಾದರೂ ಮಾತಿಗಿಂತ ಮುಂಚೆ ಬರುತ್ತದೆಯೇ? ಮೂರನೇ ಸಾಲಿಗೆ ವಿರೋಧ ಪಕ್ಷದವರು ತಲೆ ಎತ್ತಿದರು. ಐದನೆಯದಕ್ಕೆ ಪತ್ರಕರ್ತರು ಪೆನ್ನು ತೆಗೆದರು. ಆಗ ಏಣಿ ಎದ್ದು ನಿಂತು, ರಂಗದ ದನಿಯಲ್ಲಿ, "ಇಲ್ಲಿ ನೀರು ಕುಡಿಯುವುದು!" ಅಂದ. ಸಚಿವರ ಕೈ ಆಗಲೇ ಲೋಟದ ಮೇಲಿತ್ತು.

ನಗು ಹೆಂಚು ಹಾರಿಸಿತು. ಮಲಗಿದ್ದವರೂ ಎದ್ದು ನಕ್ಕರು, ಯಾಕೆ ಅಂತ ಆಮೇಲೆ ಕೇಳಿದರು.

"ಗ್ಯಾಲರಿಯಲ್ಲಿ ಯಾರದು ಮಾತಾಡ್ತಿರೋದು?" ಸಭಾಧ್ಯಕ್ಷರು ಮೇಜು ಕುಟ್ಟಿದರು.

"ಅವರು ಮಾತಾಡ್ತಿಲ್ಲ ಸ್ವಾಮಿ, ಹೇಳಿಕೊಡ್ತಿದ್ದಾರೆ," ಅಂದರು ವಿರೋಧ ಪಕ್ಷದ ಹಿರಿಯಮ್ಮ ಒಬ್ಬರು. "ಮಾತಾಡ್ತಿರೋರು ಸಚಿವರು!"

ಕಾವಲಿನವರು ಮೆಟ್ಟಿಲು ಹತ್ತತೊಡಗಿದರು. ಸಚಿವರು ಬೆವರಿದರೂ ಓದು ಬಿಡಲಿಲ್ಲ. ಬಿಟ್ಟರೆ ಹೇಳಲು ಬೇರೇನೂ ಇರಲಿಲ್ಲ. "ಧೂಳಿನಲ್ಲಿ ದುಡಿಯುವ ನನ್ನ ಅಕ್ಕತಂಗಿಯರೇ..."

ಐವರೂ ಬಾಯಿ ಮುಚ್ಚಿದರು.

ಸಚಿವರು ಮುಂದಿನ ಸಾಲು ಬರುತ್ತದೆಂದು ಗ್ಯಾಲರಿಯ ಕಡೆ ನೋಡಿದರು. ಬರಲಿಲ್ಲ. ಒದ್ದೆ ಬೆರಳಲ್ಲಿ ಹಾಳೆ ಮಗುಚಿದರು, ಎರಡು ಒಟ್ಟಿಗೆ ಮಗುಚಿಕೊಂಡವು. ಇಸ್ತ್ರಿ ಸಾಹೇಬನ ಕಡೆ ನೋಡಿದರು. ಅವನು ತುಟಿ ಆಡಿಸುತ್ತಿದ್ದ, ಕೇಳಿಸುತ್ತಿರಲಿಲ್ಲ. ಅಕ್ಕತಂಗಿಯರೇ ಅಂದವನಿಗೆ ಆ ಅಕ್ಕತಂಗಿಯರಿಗೆ ಹೇಳಲು ಒಂದು ಮಾತಿಲ್ಲವೇ? ತಡೆಯಲಾಗದೆ ಅಕ್ಕ ತಂಗಿಯ ಕಿವಿಗೆ ಬಾಗಿ ಪಿಸುಗುಟ್ಟಿದಳು, ಅವಳಿಗೆ ಗೊತ್ತಿದ್ದ ಹಾಗೆ:

"ನೀರಿನ ಪೈಪು ಕಡ್ಡಾಯ! ಅಂತ ಒಂದು ಮಾತು ಹೇಳೋಕೆ ಏನೇ ರೋಗ ಇವನಿಗೆ?"

"ನೀರಿನ ಪೈಪು ಕಡ್ಡಾಯ," ಅಂದರು ಸಚಿವರು.

ಹೇಳಿ, ಅದೇನೆಂದು ಆಮೇಲೆ ಹೊಳೆದು, ಕೂತುಬಿಟ್ಟರು. ಬಾಯಿಗೆ ಬಂದ ಮಾತಲ್ಲ, ಕಿವಿಗೆ ಬಿದ್ದ ಮಾತು. ಯಾರು ಕೊಟ್ಟರೂ ಆಡುವ ಅಭ್ಯಾಸ.

ಗಲಾಟೆಯಲ್ಲಿ ಸಭೆಯನ್ನು ಶುಕ್ರವಾರಕ್ಕೆ ಮುಂದೂಡಿದರು. ಆ ಮೂರು ಪದಗಳನ್ನು ಕಡತದಿಂದ ತೆಗೆಸಿದರು. ಐವರು ಮತ್ತು ಅಕ್ಕನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿ, "ಇದನ್ನೆಲ್ಲ ನಿಮಗೆ ಹೇಳಿಕೊಟ್ಟಿದ್ದು ಯಾರು?" ಅಂತ ಅಧಿಕಾರಿ ಐದೂವರೆಯವರೆಗೆ ಕೇಳಿದ. "ಅದನ್ನ ಸಚಿವರನ್ನೂ ಒಂದು ಸಲ ಕೇಳಿ ಸಾರ್," ಅಂದ ಏಣಿ. ವರ್ಷಪೂರ್ತಿ ಗ್ಯಾಲರಿಗೆ ಕಾಲಿಡಬಾರದೆಂದು ಬರೆಸಿಕೊಂಡರು. ಜೆರಾಕ್ಸ್ ಅಂಗಡಿಯವನು ತಂಗಿಗೆ ಫೋನಿನಲ್ಲೇ ನಾಳೆಯಿಂದ ಬರಬೇಡ ಅಂದ. ಇಸ್ತ್ರಿ ಸಾಹೇಬನನ್ನು ಯಾರೂ ಏನೂ ಕೇಳಲಿಲ್ಲ. ಅವನು ಸಚಿವರ ಕಾರಿನಲ್ಲೇ ಹೋದ.

ಗುರುವಾರ ಬೆಳಿಗ್ಗೆ ಅಕ್ಕ ಶೆಡ್ಡಿಗೆ ಹೋದಾಗ ಪ್ಲಂಬರ್ ಒಬ್ಬ ಪೈಪು ಬಿಚ್ಚುತ್ತಿದ್ದ. ಹದಿನೆಂಟು ಯಂತ್ರದಲ್ಲಿ ಹನ್ನೊಂದು ಆಗಲೇ ಒಣಗಿದ್ದವು, ಓಡುತ್ತಲೂ ಇದ್ದವು. ಧೂಳಿನಲ್ಲಿ ಎದುರಿದ್ದವರ ಮುಖ ಕಾಣುತ್ತಿರಲಿಲ್ಲ. ಸಭೆಯಲ್ಲಿ ತಿದ್ದುಪಡಿಗೆ ಮತ ಹಾಕುವುದು ನಾಳೆ. ಪೈಪಿಗೆ ಇವತ್ತೇ ತಿಥಿ.

"ಯಾರು ಬಿಚ್ಚೋಕೆ ಹೇಳಿದ್ದು?" ಅಂತ ಮೇಸ್ತ್ರಿಯನ್ನು ಕೇಳಿದಳು.

"ಮೇಲಿನವರು."

"ಮೇಲಿನವರು ನಿನ್ನೆ ಕಡ್ಡಾಯ ಅಂದ್ರು. ಈ ಎರಡು ಕಿವೀಲಿ ಕೇಳಿದೀನಿ."

"ಅದನ್ನ ಕಡತದಿಂದ ತೆಗೆದಾಯ್ತಮ್ಮ, ಗೊತ್ತಿಲ್ವಾ?"

"ಕಡತದಿಂದ ತಾನೇ? ನನ್ನ ಎದೇಲಿರೋ ಕಲ್ಲನ್ನೂ ಹಾಗೇ ತೆಗೆಸಿಬಿಡಲಿ, ನೋಡೋಣ!"

ಅಂದು, ನಡೆದು ಹೋಗಿ, ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಹದಿನೆಂಟು ಯಂತ್ರಗಳು ಗೊರಗೊರ ಅನ್ನುತ್ತ ನಿಂತವು. ಆಮೇಲೆ ಕೇಳಿಸಿತು: ಒಬ್ಬಳು ಕೆಮ್ಮಿದಳು, ಅದು ಮುಗಿಯುವ ಮುಂಚೆ ಇನ್ನೊಬ್ಬಳು, ಆ ಮೂಲೆಯಲ್ಲಿ ಮತ್ತಿಬ್ಬರು. ಇಷ್ಟು ವರ್ಷ ಯಂತ್ರದ ಸದ್ದಿನಲ್ಲಿ ಪ್ರತಿಯೊಬ್ಬಳೂ ಕೆಮ್ಮುವವಳು ತಾನೊಬ್ಬಳೇ ಅಂದುಕೊಂಡಿದ್ದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಯಾರೂ ಸ್ವಿಚ್ಚಿನ ಕಡೆ ಹೋಗಲಿಲ್ಲ.

"ಕೆಲಸ ಹೋಗತ್ತೆ ನಿಂದು," ಅಂದ ಮೇಸ್ತ್ರಿ. ಸುತ್ತ ನೋಡಿ ದನಿ ತಗ್ಗಿಸಿದ. "ಹೋಗ್ಲಿ, ನಿನ್ನ ಯಂತ್ರಕ್ಕೆ ಪೈಪು ವಾಪಸ್ ಹಾಕಿಸ್ತೀನಿ. ನಿನಗೊಬ್ಬಳಿಗೇ. ಬಾಯಿ ಮುಚ್ಕೊಂಡು ಶುರು ಮಾಡು, ತಾಯಿ."

ಅಕ್ಕ ಸ್ವಿಚ್ಚಿಗೆ ಬೆನ್ನು ಕೊಟ್ಟು, ಕಲ್ಲಿನ ಹಾಸಿನ ಮೇಲೆ ಕೂತಳು.

"ಕೇಳಿದ್ರೇನ್ರೇ? ನನಗೊಬ್ಬಳಿಗೇ ಅಂತೆ!"

ಚಿಕ್ಕಮ್ಮನ ಜಾಗಕ್ಕೆ ಬಂದಿದ್ದ ಹೊಸ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಇನ್ನಿಬ್ಬರು. ಆಮೇಲೆ ಲೆಕ್ಕ ತಪ್ಪಿತು. ಪ್ಲಂಬರ್ ಸ್ಪ್ಯಾನರ್ ಹಿಡಿದು, ಮೇಸ್ತ್ರಿಯ ಮುಖ ಒಂದು ಸಲ, ಹೆಂಗಸರ ಮುಖ ಒಂದು ಸಲ ನೋಡುತ್ತ ನಿಂತ.

"ಏನು ನೋಡ್ತೀಯಪ್ಪ? ಆ ತುದಿಯಿಂದ ಶುರು ಮಾಡು," ಅಂದಳು ಅಕ್ಕ. "ನಂದು ಕೊನೇಲಿ ಹಾಕು."