ಮೈದಾನದ ಮುಂದೆ ನಿಲ್ಲಿಸಬೇಡಿ

ಶಿಲುಬೆಯನ್ನು ಹೆಗಲಿಗೇರಿಸಿಕೊಂಡು ಹೊರಟ ತಿಹೊಮಿರ್ ಅಂಗಳದ ಬಾಗಿಲಲ್ಲೇ ನಿಂತುಬಿಟ್ಟ. ಹಿಂದೆ ಆರು ಜನ ಹೊತ್ತಿದ್ದ ಅವನ ಅಣ್ಣನ ಶವಪೆಟ್ಟಿಗೆಯೂ ನಿಂತಿತು. ಧೂಪ ಆಡಿಸುತ್ತಿದ್ದ ಪಾದ್ರಿ ಇದೇನು ಹೊಸ ಗ್ರಹಚಾರ ಎಂಬಂತೆ ನೋಡಿದರು.

"ರುಝಿತ್ಸಾ, ಇಲ್ಲಿ ಬಾ," ಎಂದು ತಿಹೊಮಿರ್ ಅಣ್ಣನ ಮಗಳನ್ನು ಕರೆದ. "ಚೌಕದಲ್ಲಿ ನಿಲ್ಲಿಸ್ತೀನಿ, ಇಗರ್ಜಿ ಮುಂದೆ ನಿಲ್ಲಿಸ್ತೀನಿ. ಮೈದಾನದ ಮುಂದೆ?"

ಸತ್ತವರಿಗೆ ಬೇಕಾಗಿದ್ದ ಜಾಗಗಳಲ್ಲೆಲ್ಲ ಒಂದು ಗಳಿಗೆ ನಿಂತು ಮುಂದೆ ಹೋಗುವುದು ಆ ಊರಿನ ಪದ್ಧತಿ. ಎಲ್ಲಿ ಅನ್ನುವುದನ್ನು ಮನೆಯವರು ಹೇಳಬೇಕು, ಶಿಲುಬೆ ಹೊತ್ತವನು ನಿಲ್ಲಿಸಬೇಕು. ದಾಟಿದ ಮೇಲೆ ಯಾರೂ ಹಿಂದೆ ತಿರುಗುವಂತಿಲ್ಲ. ತಿರುಗಿದರೆ ಸಾವು ಮತ್ತೊಬ್ಬರನ್ನು ಹುಡುಕಿಕೊಂಡು ಬರುತ್ತದೆ. ಹೋದ ವರ್ಷ ಕುಡುಕ ಮಿಲೊಯ್ಕೊನ ಪೆಟ್ಟಿಗೆಯನ್ನು ಹೆಂಡದಂಗಡಿಯ ಮುಂದೆ ನಿಲ್ಲಿಸಿದಾಗ ಒಳಗೆ ಹೋದ ಅರ್ಧ ಜನ ಮಣ್ಣಿಗೇ ಬಂದಿರಲಿಲ್ಲ.

"ಬೇಡ ಚಿಕ್ಕಪ್ಪ."

"ಜೀವಮಾನವೆಲ್ಲ ಚೆಂಡು ಒದ್ದವನು ಕಣೆ ನಿಮ್ಮಪ್ಪ."

"ಅದಕ್ಕೇ ಬೇಡ ಅಂದಿದ್ದು. ಸತ್ತ ಮೇಲಾದ್ರೂ ಜನ ಆಡ್ಕೊಳ್ಳೋದು ನಿಲ್ಲಲಿ."

ತಿಹೊಮಿರ್ ಶಿಲುಬೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದ.

ಅವಳು ಸುಮ್ಮನೆ ಹೇಳಿದ್ದಲ್ಲ. ಬೆಳಿಗ್ಗೆ ಬ್ರೆಡ್ ತರಲು ಹೋದಾಗ, ವಿದ್ಯುತ್ ಕಂಬಕ್ಕೆ ಅಂಟಿಸಿದ್ದ ಅಪ್ಪನ ಸಾವಿನ ಚೀಟಿಯ ಮುಂದೆ ಇಬ್ಬರು ನಿಂತಿದ್ದರು.

"'ನೆಗೊವಾನ್, ಫುಟ್‌ಬಾಲ್ ಆಟಗಾರ' ಅಂತ ಹಾಕಿದಾರೆ. ಯಾವ ಕ್ಲಬ್ಬು ಅಂತ ಹಾಕಿಲ್ವಲ್ಲೋ?"

"ಎಲ್ಲಾ ಹಾಕೋಕೆ ಒಂದು ಕಂಬ ಎಲ್ಲಿ ಸಾಲತ್ತೆ?"

ಅವರು ನಕ್ಕರು. ರುಝಿತ್ಸಾ ಕಪ್ಪು ಸ್ಕಾರ್ಫನ್ನು ಕಣ್ಣಿನವರೆಗೆ ಎಳೆದುಕೊಂಡು ಬ್ರೆಡ್ ಕೊಳ್ಳದೆಯೇ ಮನೆಗೆ ಬಂದಳು. ಊರಿನ ಬಾಯಿಗೆ ಬೀಗ ಹಾಕಲಾದೀತೇ? ಎರಡನೇ ದರ್ಜೆಯ ಲೀಗು, ಮೂರನೇ ದರ್ಜೆಯ ಲೀಗು, ಒಂದು ಕಡೆ ಅರ್ಧ ವರ್ಷ, ಇನ್ನೊಂದು ಕಡೆ ಒಂದು ಚಳಿಗಾಲ. ಕರೆದವರ ಕಡೆ ಹೋಗಿ, ಬೇಡವೆಂದಾಗ ಹೊರಟು ಬರುತ್ತಿದ್ದ ಮನುಷ್ಯ. ನೆಗೊವಾನನ ಕಾಲಿಗಿಂತ ಅವನ ಸೂಟ್‌ಕೇಸೇ ಹೆಚ್ಚು ಓಡಿದೆ ಎನ್ನುವುದು ಊರಿನ ಹಳೆಯ ಮಾತು.

* * *

ಕೊನೆಗೆ ಮಂಡಿ ಸವೆಸಿಕೊಂಡು ಅಪ್ಪ ಊರಿನ ಕ್ಲಬ್ಬಿಗೇ ಆಡಲು ಬಂದಾಗ ರುಝಿತ್ಸಾಗೆ ಹದಿಮೂರು. ಒಂದು ಭಾನುವಾರದ ಪಂದ್ಯ ಗೆದ್ದಿದ್ದರೆ ಊರಿನ ತಂಡ ಮೇಲಿನ ಲೀಗಿಗೆ ಏರುತ್ತಿತ್ತು. ಎದುರಾಳಿ ಗೋಲ್‌ಕೀಪರ್ ಜಾರಿ ಬಿದ್ದಿದ್ದ. ಗೋಲು ಬಾಯಿ ತೆರೆದುಕೊಂಡಿತ್ತು, ಚೆಂಡು ಅಪ್ಪನ ಕಾಲಲ್ಲಿತ್ತು. ಅವನು ಒದ್ದ. ಚೆಂಡು ಪಾಪ್ಲರ್ ಮರಗಳ ಮೇಲೆ ಹಾದು ಮೊರಾವಾ ಹೊಳೆಗೆ ಬಿತ್ತು.

ಇಡೀ ಗ್ಯಾಲರಿ ಎದ್ದು ನಿಂತು ಬಯ್ಯತೊಡಗಿತು. ಅಕ್ಕಪಕ್ಕದಲ್ಲಿದ್ದ ಶಾಲೆಯ ಗೆಳತಿಯರು ಅವಳ ಮುಖವನ್ನೇ ನೋಡುತ್ತಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲವಾಗಿ, ಅವಳೇ ಬೆಂಚಿನ ಮೇಲೆ ಹತ್ತಿ ಎಲ್ಲರಿಗಿಂತ ಜೋರಾಗಿ ಕೂಗಿದಳು: "ಆ ಮುದಿಗೂಳೀನ ಆಚೆ ಅಟ್ಟಿ! ಆಚೆ ಅಟ್ಟಿ!"

ಗೆಳತಿಯರು ಬಿದ್ದು ಬಿದ್ದು ನಕ್ಕರು. ಅವಳಿಗೂ ಒಂದು ಕ್ಷಣ ಹಗುರವಾಯಿತು. ಅಷ್ಟರಲ್ಲಿ ಅಪ್ಪ ತಲೆ ಎತ್ತಿ ಗ್ಯಾಲರಿಯ ಆ ಮೂಲೆಯನ್ನೇ ನೋಡಿದ. ಅಷ್ಟು ಗದ್ದಲದಲ್ಲೂ ಮಗಳ ದನಿ ಗೊತ್ತಾಗದೆ ಇರುತ್ತದೆಯೇ?

ರಾತ್ರಿ ಊಟದ ಹೊತ್ತಿಗೆ ಅವಳ ದನಿ ಪೂರ್ತಿ ಒಡೆದುಹೋಗಿತ್ತು. ಅಪ್ಪ ಎದ್ದು ಒಲೆ ಹಚ್ಚಿ, ಜೇನು ಹಾಕಿ ಚಹಾ ಕಾಯಿಸಿ ತಂದಿಟ್ಟ.

"ಮೈದಾನದಲ್ಲಿ ಇವತ್ತು ಚಳಿಗಾಳಿ," ಎಂದ. "ಗಂಟಲು ಕಟ್ಟಿದೆ. ಬಿಸಿಬಿಸಿ ಕುಡಿ."

ಆಮೇಲೆ ಅವನು ಮರದ ಮಿಲ್ಲಿಗೆ ಸೇರಿಕೊಂಡ. ಮನೆಯಲ್ಲಿ ಮತ್ತೆ ಯಾವತ್ತೂ ಫುಟ್‌ಬಾಲಿನ ಮಾತೆತ್ತಲಿಲ್ಲ. ಆ ಚಹಾವನ್ನು ಕುಡಿದದ್ದಕ್ಕೆ ರುಝಿತ್ಸಾಗೆ ಇವತ್ತಿಗೂ ನಾಚಿಕೆಯಿದೆ.

* * *

ಇಗರ್ಜಿ ದಾಟಿ ರಸ್ತೆ ಹೊಳೆಯ ಕಡೆ ತಿರುಗಿದೊಡನೆ ಮೈದಾನದ ಗೋಡೆ ಕಂಡಿತು. ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ, ಒಂದಷ್ಟು ಮುದುಕರು ಸಾಲಾಗಿ ನಿಂತಿದ್ದರು. ಕಪ್ಪು ಕೋಟಿನ ಮೇಲೆ ಒಬ್ಬೊಬ್ಬರೂ ಒಂದೊಂದು ಬಣ್ಣದ ಜೆರ್ಸಿ ತೊಟ್ಟಿದ್ದರು. ಹೊಟ್ಟೆಯ ಮೇಲೆ ಬಿಗಿದುಕೊಂಡ ಹಸಿರು, ಹಳದಿ, ಕೆಂಪು. ಒಬ್ಬನ ಕೈಯಲ್ಲಿ ರಾಕಿಯಾ ಹೆಂಡದ ಬಾಟಲಿಯಿತ್ತು.

ಆಡಿಕೊಳ್ಳಲು ವೇಷ ಹಾಕಿಕೊಂಡೇ ಬಂದಿದ್ದಾರೆ ಎಂದುಕೊಂಡಳು ರುಝಿತ್ಸಾ.

"ನಿಲ್ಲಿಸ್ಲೇನೆ?" ತಿಹೊಮಿರ್ ತಿರುಗದೆಯೇ ಕೇಳಿದ.

"ನಡೀರಿ ಚಿಕ್ಕಪ್ಪ. ಬೇಗ ಬೇಗ ನಡೀರಿ."

ಶಿಲುಬೆ ದಾಟಿತು, ಪಾದ್ರಿ ದಾಟಿದರು, ಪೆಟ್ಟಿಗೆ ದಾಟಿತು. ಅದರ ಹಿಂದೆಯೇ ಇದ್ದ ಅವಳು ಆ ಸಾಲಿನ ಸಮಕ್ಕೆ ಬಂದಾಗ ಎದೆಯ ಮೇಲಿನ ಅಕ್ಷರಗಳು ಕಂಡವು: ಸೊಂಬೊರ್, ಚಾಚಕ್, ತುಜ್ಲಾ. ಅಪ್ಪ ಆಡಿದ್ದ ಊರುಗಳು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಎರಡು ಊರುಗೋಲುಗಳ ಮೇಲೆ ನಿಂತಿದ್ದವನು ಮೂಗು ಒರೆಸಿಕೊಳ್ಳಲೂ ಕೈಯಿಲ್ಲದೆ ಸುಮ್ಮನೆ ಅಳುತ್ತಿದ್ದ.

ನಿಲ್ಲಿಸಿ ಎನ್ನುವ ಮಾತು ಗಂಟಲವರೆಗೆ ಬಂತು. ಇಷ್ಟು ಜನರೆದುರು ಈಗ ಕೂಗಿದರೆ ಏನಂದುಕೊಂಡಾರು? ಅಷ್ಟು ಯೋಚಿಸುವುದರೊಳಗೆ ಗೇಟು ಹಿಂದಾಯಿತು. ಸತ್ತವನ ಪಾಲೆಂದು ಬಾಟಲಿಯಿಂದ ನೆಲಕ್ಕೆ ರಾಕಿಯಾ ಸುರಿಯುವ ಸದ್ದು ಕೇಳಿಸಿತು. ಆಮೇಲೆ ಮೆರವಣಿಗೆಯ ಕೊನೆಯಿಂದ ಊರುಗೋಲುಗಳ ಟಕಟಕ. ಅವಳು ತಿರುಗಿ ನೋಡುವಂತಿರಲಿಲ್ಲ. ಆ ಶಾಸ್ತ್ರ ಇದ್ದದ್ದೇ ಒಳ್ಳೆಯದಾಯಿತು ಅಂತ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

* * *

ಮಣ್ಣಾದ ಮೇಲೆ ಎಲ್ಲರಿಗೂ ಗೋಧಿ ಕೊಡುವುದು ಮಗಳ ಕೆಲಸ. ಸಕ್ಕರೆ, ಅಕ್ರೋಟು ಬೆರೆಸಿದ ಬೆಂದ ಗೋಧಿಯ ತಟ್ಟೆ ಹಿಡಿದು ಅವಳು ಗುಂಡಿಯ ಪಕ್ಕ ನಿಂತಳು. ಊರಿನವರೆಲ್ಲ ಒಂದೊಂದು ಚಮಚ ತಿಂದು, ದೇವರು ಅವನನ್ನು ಕ್ಷಮಿಸಲಿ ಎಂದು ಹೇಳಿ ಸರಿದರು. ಕೊನೆಗೆ ಜೆರ್ಸಿಯವರು ಬಂದರು.

"ನೀನೇ ಅಲ್ವೇನಮ್ಮ ರುಝಿತ್ಸಾ? ನಾನು ರಾದಿಸಾವ್, ಸೊಂಬೊರಿನಲ್ಲಿ ಗೋಲ್‌ಕೀಪರ್ ಆಗಿದ್ದೆ."

"ಅಲ್ಲಿ... ಮೈದಾನದ ಹತ್ರ ನೀವು ನಿಂತಿದ್ದು ನಂಗೆ ಕಾಣಲೇ..." ಸುಳ್ಳು ಕೂಡ ನೆಟ್ಟಗೆ ಹೊರಡಲಿಲ್ಲ.

"ಅಯ್ಯೋ ಬಿಡು ತಾಯಿ. ನಿಮ್ಮಪ್ಪ ಮೊದಲೇ ಹೇಳಿದ್ದ. ಆಸ್ಪತ್ರೆಗೆ ನೋಡೋಕೆ ಬಂದಿದ್ವಿ. 'ನೀನು ಹೋದಾಗ ನಿನ್ನೂರ ಮೈದಾನದ ಬಾಗಿಲಲ್ಲಿ ನಿಂತು ಕಳಿಸ್ಕೊಡ್ತೀವಿ ಕಣೋ' ಅಂತ ಈ ತುಜ್ಲಾದವನು ತಮಾಷೆ ಮಾಡ್ದ. ಅದಕ್ಕೆ ಅವನು, 'ಬನ್ನಿ, ಆದ್ರೆ ರಸ್ತೆ ಆಚೆ ನಿಂತ್ಕೊಳ್ಳಿ. ನನ್ನ ಮಗಳು ಅಲ್ಲಿ ನಿಲ್ಲಿಸಲ್ಲ. ನನ್ನ ಆಟದಿಂದ ಅದು ಸಣ್ಣದ್ರಲ್ಲೇ ಸಾಕಷ್ಟು ತಲೆ ತಗ್ಗಿಸಿದೆ, ನೀವು ಬೇಜಾರು ಮಾಡ್ಕೋಬೇಡಿ' ಅಂದ."

ತಟ್ಟೆ ವಾಲಿತು. ರಾದಿಸಾವ್ ಕೆಳಗಿನಿಂದ ಕೈ ಕೊಟ್ಟು ಹಿಡಿದುಕೊಂಡ.

"ನಿಮ್ಮೂರಲ್ಲಿ... ಅಪ್ಪ ಚೆನ್ನಾಗಿ ಆಡ್ತಿದ್ರಾ?"

ಅವನು ನಕ್ಕುಬಿಟ್ಟ. "ಏನು ಹೇಳ್ಲಮ್ಮ! ಐದು ಚೆಂಡು ಕೊಟ್ಟರೆ ನಾಲ್ಕು ಹೊಲಕ್ಕೆ ಹೋಗ್ತಿತ್ತು. ಬೈದೂ ಬೈದೂ ನಮಗೇ ಸುಸ್ತು. ಆದ್ರೆ ಐದನೇದಕ್ಕೂ ಓಡ್ತಿದ್ದ ನೋಡು, ಮೊದಲನೇದಕ್ಕೆ ಓಡಿದ ಹಾಗೇ. ಅಂಥೋನು ಇನ್ನೊಬ್ಬ ನಮ್ಮ ಕಡೆ ಬರಲೇ ಇಲ್ಲ."

ಅವನು ಗೋಧಿ ತಿಂದು ಸರಿದ. ತುಜ್ಲಾದ ಮುದುಕ ಮುಂದೆ ಬಂದ. ಎರಡೂ ಕೈ ಊರುಗೋಲಿನಲ್ಲಿದ್ದುದರಿಂದ ಅವನು ಮಗುವಿನಂತೆ ಬಾಯಿ ತೆರೆದು ನಿಂತ. ರುಝಿತ್ಸಾ ಚಮಚ ತುಂಬಿ ಎತ್ತಿದಳು. ಆದರೆ ಅವಳ ತಲೆ ಮೇಲೇಳಲಿಲ್ಲ. ಚಮಚ ಅವನ ಗಲ್ಲಕ್ಕೆ ತಾಗಿ, ಗೋಧಿಯೆಲ್ಲ ಕೆಂಪು ಜೆರ್ಸಿಯ ಮೇಲೆ ಚೆಲ್ಲಿತು.

"ಇರಲಿ ಇರಲಿ," ಎಂದ ಮುದುಕ. "ಇನ್ನೊಂದ್ಸಲ ನೋಡು." ಮತ್ತೆ ಬಾಯಿ ತೆರೆದು, ಅವಳು ತಲೆ ಎತ್ತುವವರೆಗೂ ಹಾಗೇ ನಿಂತಿದ್ದ.