ಗೋಣಿಸೊಪ್ಪಿನ ಬುಟ್ಟಿ

ಮಗಳು ಪಕ್ಕದ ಮನೆಗೆ ಓಡಿಬಂದು ಒಲೆ ಆರಿಸಿದಳು.

"ಅರ್ಧ ಬುಟ್ಟಿ ಸೊಪ್ಪು ಈಗಷ್ಟೇ ಹಾಕ್ದೆ ಕಣೇ, ಇನ್ನೂ ಬೆಂದೇ ಇಲ್ಲ" ಎಂದಳು ಆ ಮನೆಯ ದರ್ಜಿಯ ಹೆಂಡತಿ. "ನಿಮ್ಮಮ್ಮ ನಿನ್ನೆ ಕಿತ್ತು ತಂದಿದ್ದು. ಬಂದೋರಿಗೆ ಬಡಿಸೋಣ ಅಂತ ನಿಮ್ಮತ್ತಿಗೆ ಕಳಿಸಿದ್ಲು."

ಬೆಳಗಿನ ಜಾವ ನಿದ್ದೆಯಲ್ಲೇ ತೀರಿಹೋದ ಅಮ್ಮ ಗೋಡೆಯಾಚೆ ತಮ್ಮ ನಡುಮನೆಯಲ್ಲಿ ಮಲಗಿದ್ದಳು. ಸುತ್ತ ಮೂವತ್ತು ಜನ ಹಸಿದು ಕೂತಿದ್ದರು.

*

ಆರು ತಿಂಗಳ ಹಿಂದೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಅವಳ ಕೈ ಹಿಡಿದಿದ್ದಳು.

"ನಿಮ್ಮಣ್ಣಂಗೆ ಹೇಳ್ಬೇಡ. ಮೂಲೇಲಿ ಕೂರಿಸಿಬಿಡ್ತಾನೆ. ಹೇಗೂ ನಿಮ್ಮತ್ತಿಗೆ ಸಿಡುಕು ಮುಖ ಕಾಣದ ಹಾಗಾಯ್ತು, ಅಷ್ಟು ಲಾಭ."

ನಲವತ್ತು ವರ್ಷ ರೈಲು ಹಳಿಯ ಪಕ್ಕ ಗೋಣಿಸೊಪ್ಪು ಕಿತ್ತ ಜೀವ ಅದು. ಬೀದಿಯಲ್ಲಿ ಯಾರ ಕೈ ಸುಟ್ಟರೂ ಅರೆದು ಹಚ್ಚುತ್ತಿದ್ದಳು. ಅಲ್ಲೇ ನೆಲಕ್ಕಂಟಿ ಅದರಂಥದ್ದೇ ಒಂದು ನಂಜಿನ ಗಿಡವೂ ಬೆಳೆಯುತ್ತದೆ. ದಂಟು ಮುರಿದರೆ ಗೋಣಿಸೊಪ್ಪಿನಲ್ಲಿ ನೀರು, ನಂಜಿನ ಗಿಡದಲ್ಲಿ ಬಿಳಿ ಹಾಲು.

"ಆ ಹಾಲು ನಿನಗೆ ಕಾಣತ್ತೇನಮ್ಮಾ?"

"ನನ್ನ ಕೆಲಸ ನನಗ್ಗೊತ್ತು ಬಿಡೆ."

ಮಗಳು ಅಣ್ಣನಿಗೆ ಹೇಳಲಿಲ್ಲ.

*

"ಅಡುಗೆ ಯಾಕೆ ನಿಲ್ಲಿಸ್ದೆ?" ಅಣ್ಣ ಬಾಗಿಲಲ್ಲಿ ನಿಂತಿದ್ದ. ಹಿಂದೆ ಅತ್ತಿಗೆ.

ಹೇಳದೆ ವಿಧಿಯಿರಲಿಲ್ಲ. "ಅಮ್ಮಂಗೆ ಕಣ್ಣು ಕಾಣ್ತಿರಲಿಲ್ಲ. ಆರು ತಿಂಗಳಾಯ್ತು. ಈ ಬುಟ್ಟೀಲಿ ನಂಜಿನ ಗಿಡ ಸೇರಿದ್ರೆ?"

ಅತ್ತಿಗೆ ಮೆಲ್ಲಗೆ ಅಂದಳು: "ನಿನ್ನೆ ಊಟಕ್ಕೆ ಅತ್ತೆ ಅದನ್ನೇ ತಿಂದಿದ್ರು. ಅವರೊಬ್ಬರೇ."

ಅಣ್ಣ ತಂಗಿಯ ಮುಖವನ್ನೇ ನೋಡುತ್ತಿದ್ದ. ತಾನು ಬಾಯಿ ಬಿಟ್ಟಿದ್ದರೆ ಅಮ್ಮ ಉಳಿಯುತ್ತಿದ್ದಳೇನೋ ಎಂದು ಅವಳಿಗೆ ಅನಿಸಿತು.

ಉಳಿದ ಸೊಪ್ಪನ್ನು ನೆಲಕ್ಕೆ ಸುರಿದು ಕೂತಳು. ಮೊದಲ ದಂಟು ಮುರಿದಳು. ನೀರು. ಎರಡನೆಯದೂ ನೀರು. ಅತ್ತಿಗೆಯೂ ಪಕ್ಕದಲ್ಲಿ ಕೂತು ಮುರಿಯತೊಡಗಿದಳು. ಇಪ್ಪತ್ತು, ಮೂವತ್ತು, ಎಲ್ಲದರಲ್ಲೂ ನೀರೇ.

"ಇಲ್ನೋಡು" ಎಂದಳು ಅತ್ತಿಗೆ. "ಎಲ್ಲಾ ದಂಟಿನ ಬುಡದಲ್ಲೂ ಉಗುರಿನ ಗುರುತಿದೆ."

ಹೌದು. ಒಂದೊಂದನ್ನೂ ಮೊದಲೇ ಯಾರೋ ಚಿವುಟಿ ನೋಡಿದ್ದರು.

"ಹಾಲಾಗಿದ್ರೆ ಬೆರಳಿಗೆ ಅಂಟತ್ತಲ್ವಾ" ಎಂದಳು ದರ್ಜಿಯ ಹೆಂಡತಿ, ತನಗೇ ಎಂಬಂತೆ.

ಮಗಳು ಎದ್ದು ನಡುಮನೆಗೆ ಹೋದಳು. ಜನ ದಾರಿ ಬಿಟ್ಟರು. ಹೊದಿಕೆ ಸರಿಸಿ ಅಮ್ಮನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೆಳಿಗ್ಗೆ ಅತ್ತಿಗೆ ಸೋಪು ಹಾಕಿ ತಿಕ್ಕಿ ತೊಳೆದಿದ್ದರೂ ಹೆಬ್ಬೆರಳಿನ ಉಗುರು ಇನ್ನೂ ಹಸಿರಾಗಿಯೇ ಇತ್ತು.