ಗಾಡಿಗೊಂದು ಗಿಲಾಫ್

ಹುಮನಾಬಾದಿನ ಆಮ್ರಪಾಲಿ ದುಬಲಗುಂಡಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದಳು. ಮೊಣಕಾಲು ನೋವಿನಿಂದ ಗಾಡಿ ಓಡಿಸುವುದನ್ನು ನಿಲ್ಲಿಸಿದ್ದ ಅಪ್ಪ ನರಸಿಂಗ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ಮಗಳಿಗೇ ಕೊಟ್ಟಿದ್ದ. ಎರಡು ಸಾವಿರದ ಆರರಲ್ಲಿ ಆ ರಸ್ತೆಯಲ್ಲಿ ಗೇರ್ ಇರುವ ಗಾಡಿ ಓಡಿಸುವ ಹೆಂಗಸು ಅವಳೊಬ್ಬಳೇ. ಹೆರಿಗೆ ಎಂದು ಕರೆ ಬಂದರೆ ಬಸ್ಸಿಗೆ ಕಾಯದೆ ಹೊರಟುಬಿಡುತ್ತಿದ್ದಳು.

ಒಮ್ಮೆ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಬಿದ್ದಳು. ಮೊಣಕೈ ತರಚಿತು, ಸೀಟಿನ ಕೆಳಗಿನ ಸೈಡ್ ಪ್ಯಾನೆಲ್ಲು ಉದ್ದಕ್ಕೂ ಕೆರೆದುಹೋಯಿತು.

"ಹೆಣ್ಮಕ್ಕಳ ಕೈಗಿ ಗಾಡಿ ಕೊಟ್ರ ಹಿಂಗೇ ಆಗ್ತದ," ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನಕ್ಕರು. ಆ ಮಾತು ಗಾಯಕ್ಕಿಂತ ಹೆಚ್ಚು ಉರಿಯಿತು.

ಅದೇ ವಾರ ಬಸವಕಲ್ಯಾಣದ ಕೋಟೆಯ ಮುಂದೆ ಅವಳೊಂದು ದೊಡ್ಡ ಬೈಕು ನೋಡಿದಳು. ಅದರ ಮೈಮೇಲೆ ನೇಯ್ದಂತೆ ಕಪ್ಪು-ಬೂದು ಹೆಣಿಗೆ, ಗಾಜಿನಂಥ ಹೊಳಪು. ಊರಿಗೆ ಬಂದು ಮೆಕ್ಯಾನಿಕ್ ಅಜೀಮುದ್ದೀನನನ್ನು ಕೇಳಿದಳು.

"ಅದು ಕಾರ್ಬನ್ ಫೈಬರ್ ಅದರಿ ಸಿಸ್ಟರ್, ಕಾರ್ಬನ್ ಎಳಿ ನೇಯ್ದು ಮಾಡಿದ್ದು. ಖರೇದು ಭಾಳ ತುಟ್ಟಿ. ಜಾಳಗಿ ಬಟ್ಟಿ ಇಟ್ಟು ಮ್ಯಾಲೆ ಬಣ್ಣ ಹೊಡದ್ರ ಹಂಗೇ ಕಾಣ್ತದ. ಆದ್ರ ಕೈ ಕುಂದ್ರಬೇಕು ನೋಡ್ರಿ."

ರವಿವಾರ ಅಂಗಳದಲ್ಲಿ ಕೂತು ಆಮ್ರಪಾಲಿ ಪ್ಯಾನೆಲ್ಲನ್ನು ಗಾಡಿಯಿಂದ ಬಿಚ್ಚಿ, ಉಜ್ಜಿ, ಗೀರು ತುಂಬಿ, ಕಪ್ಪು ಬಳಿದು ಒಣಗಿಸಿದಳು. ಹಳೆಯ ಸೊಳ್ಳೆಪರದೆಯ ತುಂಡು ಹೊದಿಸಿ ಮೇಲೆ ಬೂದು ಬಣ್ಣ ಸಿಂಪಡಿಸಿದಳು. ಪರದೆ ತೆಗೆದರೆ ಅಂಚಿನಲ್ಲಿ ಮಾತ್ರ ಹೆಣಿಗೆ; ಉಬ್ಬಿದ ಕಡೆ ಪರದೆ ಸಡಿಲಾಗಿ ಬಣ್ಣ ಒಳಗೆ ಹರಿದು ಬೂದಿ ಚೆಲ್ಲಿದಂತಾಗಿತ್ತು. ಮತ್ತೆ ಉಜ್ಜಿದಳು, ಮತ್ತೆ ಬಳಿದಳು, ಮತ್ತೆ ಕೆಟ್ಟಿತು.

ಹಳೆ ಬಟ್ಟೆಗಳ ಕೌದಿ ಹೊಲಿಯುತ್ತಿದ್ದ ತಾಯಿ ಅಂಬುಬಾಯಿ ಸೂಜಿ ಹಿಡಿದೇ ಎದ್ದು ಬಂದಳು. "ಯಾಕ ಸುಮ್ನ ಹೊದಸ್ತೀ? ದಿಂಬಿಗಿ ಗಿಲಾಫ್ ಹೊಲದಂಗ ಹೊಲಿಬೇಕು."

"ಗಾಡಿಗಿ ಗಿಲಾಫ್ ಏನವ್ವಾ!"

"ನೀ ಹಿಡಿ ಅಂದ್ರ ಹಿಡಿ."

ಮಗಳು ಪರದೆಯನ್ನು ಎಳೆದು ಹಿಡಿದಳು. ತಾಯಿ ಪ್ಯಾನೆಲ್ಲಿನ ಹಿಂಬದಿಯಲ್ಲಿ ಅಡ್ಡಡ್ಡ ದಾರ ಹಾಕುತ್ತ ಬಿಗಿದಳು. ಉಬ್ಬು, ಮೂಲೆ, ತಿರುವು ಎಲ್ಲ ಕಡೆ ಪರದೆ ಚರ್ಮದಂತೆ ಅಂಟಿ ಕೂತಿತು. ಆಮ್ರಪಾಲಿ ದೂರದಿಂದ ತೆಳುವಾಗಿ ಬಣ್ಣ ಹಾಯಿಸಿದಳು. ಒಣಗಿದ ಮೇಲೆ ಅಂಬುಬಾಯಿ ದಾರ ಕತ್ತರಿಸಿ ಪರದೆಯನ್ನು ಮೆಲ್ಲಗೆ ಸುಲಿದಳು.

ಒಂದು ಕಣ್ಣೂ ಕೆಡದ ಸಣ್ಣ ಹೆಣಿಗೆ, ಬಿಸಿಲಿಗೆ ಹಾವಿನ ಮೈಯಂತೆ ಮಿಂಚುತ್ತಿತ್ತು. ನರಸಿಂಗ ಕೋಲೂರಿಕೊಂಡು ಬಂದು ನೋಡಿ, "ಇದು ನನ್ನ ಗಾಡೀದೇ ಏನು?" ಎಂದ. ಮೇಲೆ ಪಾರದರ್ಶಕ ವಾರ್ನಿಷ್ ಬಿದ್ದಾಗ ಆ ಹೆಣಿಗೆ ತಿಳಿನೀರಿನ ಅಡಿಯಲ್ಲಿದ್ದಂತೆ ಆಳವಾಗಿ ಕಂಡಿತು. ಇನ್ನೊಂದು ಬದಿಯ ಪ್ಯಾನೆಲ್ಲಿಗೂ ಹಾಗೇ ಮಾಡಿ ಎರಡನ್ನೂ ಗಾಡಿಗೆ ಕೂಡಿಸಿದರು.

ಗಾಡಿ ತನ್ನ ಗ್ಯಾರೇಜಿಗೆ ಬಂದಾಗ ಅಜೀಮುದ್ದೀನ ಆ ಹೆಣಿಗೆಯ ಮೇಲೆ ಉಗುರಾಡಿಸಿ ನೋಡಿದ. "ಹೈದರಾಬಾದಿನಾಗ ಮಾಡ್ಸಿದ್ರೇನ್ರಿ?"

"ಇಲ್ರಿ. ಬಣ್ಣ ನಂದು, ಹೊಲಿಗಿ ನಮ್ಮವ್ವಂದು."

"ಹೊಲಿಗಿ?" ಆತ ಬಗ್ಗಿ ಮತ್ತೆ ನೋಡಿದ. "ವಾಹ್! ಅಂಬುಬಾಯಿಯವರಿಗಿ ನನ್ನ ಸಲಾಮ್ ಹೇಳ್ರಿ."

ಮುಂದಿನ ವಾರ ಆತ ಗಿರಾಕಿಯೊಬ್ಬರ ಮಡ್‌ಗಾರ್ಡ್ ಹಿಡಿದು ಮನೆಗೇ ಬಂದ. ಅಂಬುಬಾಯಿ ಅದನ್ನು ತೊಡೆಯ ಮೇಲಿಟ್ಟು ತಿರುಗಿಸಿ ನೋಡಿ, ಸೂಜಿಗೆ ದಾರ ಪೋಣಿಸಿದಳು.